ಮಳಿ ಬರ್ತೈತೇನ್ರಿ, ಮಾಸ್ತರ?

ನಸುಕಿನಲ್ಲಿ ತಂಬಿಗೆ ಹಿಡಿದು ಊರ ಹೊರಗೆ ನಡೆಯುವವನನ್ನು ಉಗರಗೋಳದಲ್ಲಿ ಯಾರೂ ‘ಎಲ್ಲಿಗೆ ಹೊಂಟ್ರಿ’ ಎಂದು ಕೇಳುವುದಿಲ್ಲ. ಕೇಳದಿರುವುದೇ ಮರ್ಯಾದೆ. ಎದುರಾದವರು ಮುಖ ಅತ್ತ ಮಾಡಿ ದಾರಿ ಬಿಡುತ್ತಾರೆ. ಜಲವರ್ಣದಲ್ಲಿ ಮುಗಿಲು ಬರೆಯುವ ಚಟ ಹತ್ತಿದವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು? ನೀರು ಬೇಕು, ಬಯಲು ಬೇಕು, ಯಾರೂ ಬಂದು ಮಾತಾಡಿಸದ ಏಕಾಂತ ಬೇಕು. ಒಂದು ತಂಬಿಗೆ ಮೂರನ್ನೂ ದೊರಕಿಸಿಕೊಡುತ್ತದೆ. ಗಂಟು ಬೀಳುವುದು, ಹೋಗಿ ಕೂತವನು ತಾಸಾದರೂ ಏಳದಿದ್ದಾಗ. ‘ಮಾಸ್ತರ ಹೊಟ್ಟಿ ಸುದ್ದ ಇಲ್ಲ ಅಂತ ಕಾಣತೈತಿ’ ಎಂದು ನಮ್ಮ ಮನೆಗೆ ಅಜವಾನ ಕಳಿಸಿದ ಅಕ್ಕೋರೂ ಇದ್ದಾರೆ.

ತಾಸುಗಟ್ಟಲೆ ಕೂರುವುದು ಬಿಸಿಲು ಬಿದ್ದ ಮೇಲೆ, ಹಾಳೆ ಆರಲಿ ಎಂದು. ನಿಜವಾದ ಕೆಲಸಕ್ಕೆ ಸಿಗುವುದು ಇಪ್ಪತ್ತು-ಇಪ್ಪತ್ತೈದು ನಿಮಿಷ. ಸೂರ್ಯ ದಿಗಂತದ 6 ಡಿಗ್ರಿ ಕೆಳಗಿರುವಾಗ ಬಣ್ಣದ ಆಟ ಕಳೆಗಟ್ಟುತ್ತದೆ, ಅವನು ಮೇಲೆ ಬಂದು ಮುಖ ತೋರಿಸಿದನೋ ಮುಗಿಯಿತು. ನಮ್ಮ ಸೀಮೆಯಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇಳುತ್ತಾನೆ. ಲಂಡನ್ನಿನ ಕಡೆ ಓರೆಯಾಗಿ, ಮಾವನ ಮನೆಯಿಂದ ಹೊರಟ ಅಳಿಯನ ಹಾಗೆ ತಡೆದು ತಡೆದು ಬರುತ್ತಾನೆ. ಅಲ್ಲಿನ ಚಿತ್ರಗಾರನಿಗೆ ಬೇಸಿಗೆಯಲ್ಲಿ ಮುಕ್ಕಾಲು ತಾಸು ಆರಾಮಾಗಿ ಸಿಗುತ್ತದೆ. ಅಂಥವರ ಪುಸ್ತಕ ಓದಿ ಸವದತ್ತಿ ತಾಲೂಕಿನಲ್ಲಿ ಕುಂಚ ಹಿಡಿದವನು ನೀಲಿ ಕಲಸುವಷ್ಟರಲ್ಲಿ ಮೇಲೆ ನೀಲಿ ಬಿಟ್ಟು ಬೇರೇನೂ ಉಳಿದಿರುವುದಿಲ್ಲ.

ರುಮಾಲೆ ಚನ್ನಬಸವಯ್ಯನವರ (1910-1988) ಮೇಲೆ ನನಗೆ ಹೊಟ್ಟೆಕಿಚ್ಚು ಇರುವುದು ಇಲ್ಲೇ. ಸ್ವಾತಂತ್ರ್ಯಕ್ಕೆ ಹೋರಾಡಿದವರು, ರಾಜಕಾರಣವನ್ನೂ ಕಂಡವರು, ಅದನ್ನೆಲ್ಲ ಬಿಟ್ಟು ಬಯಲಲ್ಲಿ ನಿಂತು ಬೆಂಗಳೂರಿನ ಹೂಮರಗಳನ್ನು ಬರೆದವರು. ದೊಡ್ಡವರು, ಒಪ್ಪೋಣ. ಆದರೆ ಗುಲ್‌ಮೊಹರ್ ಅರಳಿದರೆ ವಾರಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಇವತ್ತು ಟೊಂಗೆ ಬರೆದು, ಚಾ ಕುಡಿದು, ನಾಳೆ ಬಂದು ಹೂವು ಬರೆಯಬಹುದು. ಮುಗಿಲಿಗೆ ಆ ಸೌಜನ್ಯ ಎಲ್ಲಿದೆ?

ಸಾಲದ್ದಕ್ಕೆ, ನಸುಕಿನಲ್ಲಿ ನಮ್ಮ ಕಣ್ಣೇ ನಮಗೆ ಕೈಕೊಡುತ್ತದೆ. ಮಬ್ಬುಗತ್ತಲಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ, ನೀಲಿ ಇದ್ದದ್ದಕ್ಕಿಂತ ತಿಳಿಯಾಗಿ ಹೊಳೆಯುತ್ತದೆ. ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇನ್ನೂರು ವರ್ಷಗಳ ಹಿಂದೆಯೇ ಇದನ್ನು ಗುರುತಿಸಿದ್ದ, ಅದೂ ಬೆಳಗಿನ ಹೂವುಗಳನ್ನು ನೋಡಿ. ಕೆಂಪು ಸಾಲದು ಎಂದು ಬಳಿಯುತ್ತ ಹೋದರೆ, ಬೆಳಕು ಹರಿದ ಮೇಲೆ ಹಾಳೆ ರಂಜಕದ ಒರಳಿನಂತೆ ಉರಿಯುತ್ತದೆ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಕೂತರೆ ಬಣ್ಣವೇನೋ ಸರಿಯಾಗಿ ಕಾಣುತ್ತದೆ, ಮುಗಿಲು ಕಾಣುವುದಿಲ್ಲ. ಹೊಲಕ್ಕೆ ಹೊರಟವರು ‘ಏನ್ ಕಳಕೊಂಡ್ರಿ?’ ಎಂದು ಹುಡುಕಲು ಬಂದು ಕೂಡುತ್ತಾರೆ.

ಹಳದಿ-ನೀಲಿಯ ಜಗಳ ಬೇರೆ. ದಿಗಂತದ ಹತ್ತಿರ ಬೆಳಕು ಓರೆಯಾಗಿ ದಪ್ಪ ಗಾಳಿಯನ್ನು ಹಾಯ್ದು ಬರುವುದರಿಂದ ಅದರೊಳಗಿನ ನೀಲಿ ದಾರಿಯಲ್ಲೇ ಚೆದುರಿ, ಹಳದಿ-ಕೆಂಪು ಉಳಿಯುತ್ತದೆ. ಮೇಲೆ ಹೋದಂತೆ ನೀಲಿ. ಮುಗಿಲಲ್ಲಿ ಎರಡೂ ಜಗಳವಿಲ್ಲದೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಾಳೆಯ ಮೇಲೆ ಎರಡೂ ಹಸಿಯಾಗಿ ಕೂಡಿದ ಕೂಡಲೇ ಮೆಂತೆಪಲ್ಯದ ಬಣ್ಣ. ಬಲ್ಲವರು ನಡುವೆ ಒಂದೆಳೆ ತೆಳು ಗುಲಾಬಿ ಹಾಸಿ ಇಬ್ಬರನ್ನೂ ದೂರ ಕೂರಿಸುತ್ತಾರೆ. ಚಳಿಗಾಲದ ಮಂಜಿನಲ್ಲಿ ಆ ಗುಲಾಬಿಯೂ ಆರದೆ ಕೆಳಗೆ ಹರಿದುಬರುತ್ತದೆ. ಏಪ್ರಿಲ್‌ನಲ್ಲಿ ಕುಂಚ ಎತ್ತುವ ಮೊದಲೇ ಆರಿ ಗೀರು ಬೀಳುತ್ತದೆ.

ಇನ್ನು ಎಲ್ಲರೂ ಮೂಡಣಕ್ಕೆ ಮುಖ ಮಾಡಿ ಕೂರುತ್ತಾರಲ್ಲ, ಒಮ್ಮೆ ಬೆನ್ನ ಹಿಂದೆ ತಿರುಗಿ ನೋಡಲಿ. ಹೊತ್ತು ಮೂಡುವ ಮುಂಚೆ ಪಡುವಣದ ಅಂಚಿನಲ್ಲಿ ಬೂದುನೀಲಿಯ ಪಟ್ಟಿಯೊಂದು ಇರುತ್ತದೆ. ಅದು ನಾವು ನಿಂತ ಭೂಮಿಯದೇ ನೆರಳು. ಅದರ ಮೇಲೊಂದು ನಸುಗುಲಾಬಿ ಅಂಚು. ನೋಡನೋಡುತ್ತ ಎರಡೂ ಕೆಳಗಿಳಿದು ಮಾಯವಾಗುತ್ತವೆ. ಹುಣ್ಣಿಮೆಯ ಮರುಮುಂಜಾನೆಯಾದರೆ ಅದೇ ಗುಲಾಬಿಯೊಳಗೆ ಚಂದ್ರ ಮುಳುಗುತ್ತಿರುತ್ತಾನೆ. ಭಾರತ ಹುಣ್ಣಿಮೆಯಲ್ಲಿ ಮಾತ್ರ ಈ ಮಾತು ನಂಬಬೇಡಿ. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಬಂಡಿ, ಟ್ರ್ಯಾಕ್ಟರ್, ಟೆಂಪೋ ಎಲ್ಲ ಸಾಲುಗಟ್ಟಿ ಎಬ್ಬಿಸಿದ ಧೂಳಿನಲ್ಲಿ ಮುಗಿಲು ಮಬ್ಬಾಗಿ ಕೂತಿರುತ್ತದೆ. ಸ್ವಚ್ಛ ಬಣ್ಣ ಬೇಕೆಂದರೆ ಮಳೆ ಬಿದ್ದು ಗಾಳಿ ತೊಳೆದ ಮರುದಿನ ಬರಬೇಕು.

ಜಾತ್ರೆಗೆ ಬಂದ ಅಜ್ಜಿಯೊಬ್ಬರು ನನ್ನ ಬಣ್ಣದ ತಟ್ಟೆ ನೋಡಿ ಮರುಕಪಟ್ಟರು. ‘ಅರಿಷಿಣಕ್ಕ ರೊಕ್ಕ ಯಾಕ ಸುರೀತಿ ತಮ್ಮಾ? ತಗೋ’ ಎಂದು ಒಂದು ಹಿಡಿ ಭಂಡಾರ ಸುರಿದು, ‘ಉಧೋ ಉಧೋ’ ಎನ್ನುತ್ತ ಹೋದರು. ಹಚ್ಚಿದೆ. ಅಂಥ ಹಳದಿ ಯಾವ ಕಂಪನಿಯ ಟ್ಯೂಬಿನಲ್ಲೂ ಬರುವುದಿಲ್ಲ. ಒಂದೇ ಕೊರತೆ, ಅರಿಷಿಣದ ಬಣ್ಣ ಬಿಸಿಲಿಗೆ ನಿಲ್ಲದು. ಸೂರ್ಯನ ಚಿತ್ರವನ್ನು ಸೂರ್ಯನೇ ತಿಂದು ಹಾಕುತ್ತಾನೆ.

ದಿನಾ ಯಾಕೆ ಬರೆಯಬೇಕು, ಚಲೋ ಬಂದದ್ದೊಂದು ಸಾಲದೇ ಎನ್ನುವವರಿಗೆ ನಾನು ಗುಡ್ಡದ ಕಡೆ ಬೆರಳು ತೋರಿಸುತ್ತೇನೆ. ಎಲ್ಲಮ್ಮನೆಂದು ಕರೆಸಿಕೊಳ್ಳುವ ಆ ತಾಯಿ ರೇಣುಕೆ ದಿನಾ ನಸುಕಿನಲ್ಲಿ ಮಲಪ್ರಭೆಗೆ ಇಳಿದು, ಉಸುಕಿನಲ್ಲಿ ಹೊಸ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ತಲೆಗಿಟ್ಟು ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳಂತೆ. ನಿನ್ನೆಯ ಕೊಡ ಇವತ್ತಿಗೆ ನಡೆಯದು. ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆಗೆ ಒಂದು ಗಳಿಗೆ ಮನಸ್ಸು ಹೋಯಿತು, ಕೊಡ ಕೂಡಲಿಲ್ಲ. ಈಗಿನ ಗಂಧರ್ವರೆಲ್ಲ ಮೊಬೈಲಿನಲ್ಲಿ ಇದ್ದಾರೆ. ಮುಗಿಲಿನ ಫೋಟೋ ಹೊಡೆದುಕೊಂಡು, ಅವಲಕ್ಕಿ ತಿಂದು, ಹತ್ತು ಗಂಟೆಗೆ ಫ್ಯಾನಿನ ಕೆಳಗೆ ಬರೆಯುವ ಕಲಾವಿದರು ಸಂತೆಯ ಪ್ಲಾಸ್ಟಿಕ್ ಕೊಡ ಹೊತ್ತು ಪೂಜೆಗೆ ಹೊರಟವರು.

ಇಷ್ಟೆಲ್ಲ ಪಾಡುಪಟ್ಟು ತಂದ ಚಿತ್ರಕ್ಕೆ ಊರಿನಲ್ಲಿ ಬರುವ ವಿಮರ್ಶೆ ಒಂದೇ: ‘ಮಳಿ ಬರ್ತೈತೇನ್ರಿ, ಮಾಸ್ತರ?’ ದಿನಾ ಮುಗಿಲು ನೋಡುವವನಿಗೆ ಅಷ್ಟೂ ಗೊತ್ತಿಲ್ಲದಿದ್ದರೆ ಹೇಗೆ ಎಂಬುದು ಅವರ ವಾದ. ‘ನಿನ್ನಿ ಬರದಿದ್ದ ಮಾಡ ಬರೇ ಡೌಲು, ಒಂದ ಹನಿ ಉದುರಲಿಲ್ಲ’ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಇಂಗ್ಲೆಂಡಿನ ಚಿತ್ರಗಾರ ಜಾನ್ ಕಾನ್‌ಸ್ಟೇಬಲ್‌ನ ಸಂಗತಿ ಓದಿದೆ. 1821-22ರಲ್ಲಿ ಲಂಡನ್ ಬಗಲಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬಯಲಿಗೆ ಕೂತು ಮುಗಿಲನ್ನೇ ಬರೆದವನು. ಗಿರಣಿ ಮಾಲೀಕನ ಮಗ, ಹುಡುಗನಿದ್ದಾಗ ಗಾಳಿಗಿರಣಿಯಲ್ಲಿ ದುಡಿದವನು. ಗಾಳಿ ತಿರುಗಿದರೆ ಹಿಟ್ಟು, ಇಲ್ಲದಿದ್ದರೆ ಇಲ್ಲ. ಅಂಥವನ ಕಣ್ಣು ಮುಗಿಲ ಚೆಂದವೊಂದನ್ನೇ ನೋಡೀತೇ? ಚಿತ್ರದ ಬೆನ್ನಿಗೆ ತಾರೀಖು, ಹೊತ್ತು, ಗಾಳಿ ಯಾವ ಕಡೆಯದು ಎಲ್ಲ ಗೀಚಿಡುತ್ತಿದ್ದ. ನಮ್ಮ ಊರಿನ ಕಾಕಾಗಳ ಜಾತಿಯವನೇ.

ಅಂದಿನಿಂದ ನಾನೂ ಹಿಂದೆ ಬರೆದಿಡುತ್ತೇನೆ: ತಿಥಿ, ಗಾಳಿ, ನಡೆದ ಮಳೆ ರೋಹಿಣಿಯೋ ಆರಿದ್ರಾವೋ, ಸಂಜೆಗೆ ಬಿತ್ತೋ ಇಲ್ಲವೋ. ನನ್ನ ಕಲೆಗೆ ಅಭಿಮಾನಿಗಳು ಹುಟ್ಟಿದ್ದೇ ಆಗ. ಕಟ್ಟೆಯ ಮೇಲೆ ಹಾಳೆ ಬಿಚ್ಚಿಟ್ಟರೆ ಕೈಯಿಂದ ಕೈಗೆ ದಾಟುತ್ತದೆ, ಎಲ್ಲರೂ ಮಗುಚಿ ಹಿಡಿದೇ ನೋಡುತ್ತಾರೆ. ಕಡಲೆ ಬಿತ್ತುವ ಮುಂಚೆ ಕಾಕಾ ಒಬ್ಬರು ಮನೆತನಕ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತು ಕೇಳಿದರು: ‘ಮಾಸ್ತರ, ಹೋದ ವರ್ಷದ ಹಸ್ತಾ ಮಳಿ ಚಿತ್ರ ಒಂದಿಷ್ಟು ತಗೀರಿ. ಮುಂದಿನ ಬಣ್ಣ ಇರವಲ್ದ್ಯಾಕ, ಹಿಂದಿಂದು ಓದ್ರಿ.’