ಮಂಡಿ ಒಪ್ಪಿದ ಪುಸ್ತಕ

ಆರ್.ಟಿ. ನಗರದ ನಮ್ಮ ಮನೆಯ ಸೋಫಾದಲ್ಲಿ ಯಾರಾದರೂ ಕೂರಬೇಕಾದರೆ ಮೊದಲು ಕ್ಯಾಂಪ್‌ಬೆಲ್ ಸಾಹೇಬರನ್ನು ಎಬ್ಬಿಸಬೇಕು. ಮೆಂಫಿಸ್‌ನ ವಿಲ್ಲಿಸ್ ಕ್ಯಾಂಪ್‌ಬೆಲ್ 1939ರಲ್ಲಿ ಮೊದಲು ಹೊರತಂದ ಮೂಳೆ ಶಸ್ತ್ರಚಿಕಿತ್ಸೆಯ ಗ್ರಂಥ ಈಗ ಬೆಳೆದು ನಾಲ್ಕು ಸಂಪುಟವಾಗಿದೆ. ಎಂ.ಎಸ್. ಆರ್ಥೋ ಕೊನೆಯ ವರ್ಷದಲ್ಲಿರುವ ಅಕ್ಕನ ಮಗಳು ಅದನ್ನು ತಂದ ದಿನ ಆಟೊದಿಂದ ಮೂರನೇ ಮಹಡಿಗೆ ಹೊತ್ತು ಹಾಕಿದವನು ನಾನು. ಸೊಂಟ ಹಿಡಿದುಕೊಂಡಿತು. ಅದಕ್ಕೂ ಪರಿಹಾರ ಅದರೊಳಗೇ ಇದೆಯಂತೆ.

“ಇಷ್ಟೂ ಓದ್ತೀಯೇನೇ?”

“ಪೂರ್ತಿ ಯಾರೂ ಓದಲ್ಲ ಮಾವ. ಇರ್ಬೇಕು ಅಷ್ಟೆ. ರಿವಿಷನ್‌ಗೆ ಬೇರೆ ತಗೋಬೇಕು.”

ಆ ‘ಬೇರೆ’ ಯಾವುದು ಎಂಬುದೇ ಈಗ ಮನೆಯ ತಲೆನೋವು. ಒಬ್ಬ ಸೀನಿಯರ್ ಮಿಲ್ಲರ್ ಸಾಕು ಅನ್ನುತ್ತಾನೆ. ಅದು ಅಮೆರಿಕದವರ ಬೋರ್ಡ್ ಪರೀಕ್ಷೆಗೆಂದು ಹುಟ್ಟಿದ್ದು, ಎಲ್ಲವೂ ತುಂಡು ತುಂಡು ಸಾಲು. ಆದರೆ ನಮ್ಮ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ್ದು ನಾಲ್ಕು ಪೇಪರು, ತಲಾ ನೂರು ಅಂಕ, ಮೂರು ಮೂರು ಗಂಟೆ ಬರೆಯಬೇಕು. ಇನ್ನೊಬ್ಬಳು, ಮೂಳೆ ಕ್ಷಯಕ್ಕೆ ತುಲಿಯವರನ್ನು ಓದದೆ ವೈವಾಕ್ಕೆ ಹೋಗಲೇಬೇಡ ಅನ್ನುತ್ತಾಳೆ. ಅದೂ ಸರಿಯೇ, ಬೆನ್ನುಮೂಳೆಯ ಕ್ಷಯ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುವ ಕೇಸು, ಅಮೆರಿಕದವರಿಗೆ ಅಪರೂಪ. ನಮ್ಮ ಬೆಂಗಳೂರಿನ ಡಾ. ಜಾನ್ ಎಬ್ನೇಜರ್ ಬರೆದದ್ದು ಎಂ.ಬಿ.ಬಿ.ಎಸ್. ಕಾಲದಿಂದಲೂ ಅವಳ ಬಳಿ ಇದೆ. ಅದರ ಮೇಲೆ ನನಗೆ ಊರಿನ ಅಭಿಮಾನ.

ಸೆಕೆಂಡ್ ಹ್ಯಾಂಡ್ ಪ್ರತಿಗಳ ಕಥೆಯೇ ಬೇರೆ. ತಲೆಮಾರುಗಳ ಸೀನಿಯರ್‌ಗಳು ಹಳದಿ, ಹಸಿರು, ಗುಲಾಬಿ ಹೈಲೈಟರ್ ಬಳಿದು ಪುಟವನ್ನು ಹೋಳಿ ಆಡಿಸಿರುತ್ತಾರೆ. ಬಿಳಿಯಾಗಿ ಉಳಿದ ಒಂದೇ ಸಾಲನ್ನು ಎಕ್ಸಾಮಿನರ್ ಕೇಳುತ್ತಾರೆಂದು ಅವಳ ನಂಬಿಕೆ.

ನನ್ನ ಮಟ್ಟಿಗೆ ಪುಸ್ತಕ ಅಳೆಯಲು ಒಂದೇ ಮಾನದಂಡ, ನನ್ನ ಬಲಮಂಡಿ. ಪ್ರಾಕ್ಟಿಕಲ್‌ನಲ್ಲಿ ರೋಗಿಯನ್ನು ಪರೀಕ್ಷಿಸಿ ತೋರಿಸಬೇಕಲ್ಲ, ಅದರ ತಾಲೀಮು ನಡೆಯುವುದು ನಮ್ಮ ದಿವಾನದ ಮೇಲೆ. ಮ್ಯಾಕ್‌ಮರೆ ಪರೀಕ್ಷೆಗೆ ಅಂಗಾತ ಮಲಗಬೇಕು, ಮಂಡಿ ಮಡಚಿ, ತಿರುಚಿ, ನಿಧಾನ ನೆಟ್ಟಗೆ ಮಾಡುತ್ತಾಳೆ. ಪರವಾಗಿಲ್ಲ. ಏಪ್ಲಿಯವರ ಪರೀಕ್ಷೆ ಹಾಗಲ್ಲ. ಬೋರಲು ಮಲಗಿಸಿ, ಮಂಡಿ ಮಡಚಿ, ಪಾದವನ್ನು ಕೆಳಕ್ಕೆ ಅದುಮಿ, ಹಾಗೇ ಗಿರ್ರನೆ ತಿರುಗಿಸುವುದು. ಅದಕ್ಕೆ ಅರೆಯುವ ಪರೀಕ್ಷೆ ಎಂದೇ ಹೆಸರು. ನೋಡು, ಮುಟ್ಟು, ಆಡಿಸು ಎಂದು ಪಾಠ ಕಟ್ಟಿ, 1959ರಲ್ಲಿ ಅಷ್ಟು ಸಲೀಸಾದ ಪುಸ್ತಕ ಬರೆದ ಸಜ್ಜನರು ಮಂಡಿಯ ವಿಷಯದಲ್ಲಿ ಯಾಕೆ ಇಷ್ಟು ನಿರ್ದಯಿಯಾದರೋ! “ನೋವಾಯ್ತಾ ಮಾವ?” ಅಂದಳು. ಹೌದೆಂದೆ. “ಸೂಪರ್, ಪಾಸಿಟಿವ್!” ಎಂದು ಬರೆದುಕೊಂಡಳು.

ಬೀದಿ ಕೊನೆಯಲ್ಲಿ ಮುರಿದ ಮೂಳೆಗೆ ನಾಟಿ ಕಟ್ಟು ಹಾಕುವ ಪುತ್ತೂರು ಕಟ್ಟಿನವರ ಬೋರ್ಡು ನೋಡಿದಾಗಲೆಲ್ಲ ನನಗೆ ಸಣ್ಣ ಆಸೆ. ಅಲ್ಲಿ ಪುಸ್ತಕವೂ ಇಲ್ಲ, ವೈವಾನೂ ಇಲ್ಲ. ಇದನ್ನು ಅಕ್ಕನ ಮಗಳೆದುರು ಒಮ್ಮೆ ಅಂದಿದ್ದಕ್ಕೆ, ತಪ್ಪಾಗಿ ಕೂಡಿಕೊಂಡ ಮೂಳೆಗಳ ಅಧ್ಯಾಯ ತೆಗೆದು ಊಟದ ಹೊತ್ತಿನಲ್ಲಿ ಚಿತ್ರಸಮೇತ ವಿವರಿಸಿದಳು. ಸಾರು ಇಳಿಯಲಿಲ್ಲ.

ಕೊನೆಗೆ ಅವಳು ತೀರ್ಮಾನಿಸಿದ್ದು: ಥಿಯರಿಗೆ ತನ್ನದೇ ನೋಟ್ಸು, ಕ್ಷಯಕ್ಕೆ ತುಲಿ, ಕೇಸಿಗೆ ಮ್ಯಾಕ್‌ರೇ ಬರೆದ ಪುಸ್ತಕ. ಕೇಸಿನ ಪುಸ್ತಕದಲ್ಲಿ ಮಂಡಿ ಮುಗಿದಿದೆ, ಮುಂದಿನ ವಾರ ಭುಜವಂತೆ. ಅತ್ತೆಗೆ ಎಡಭುಜ ಎತ್ತಲಾಗುವುದಿಲ್ಲ, ಒಳ್ಳೇ ಕೇಸು ಎಂದು ಅವಳ ಕಿವಿಯಲ್ಲಿ ಹೇಳಿದ್ದೇನೆ.