ಕಳ್ಳ ಸಿಕ್ಕ, ಮನೆ ಹೋಯ್ತು

(2015ರ ಜೂನ್. ಅಮೆರಿಕದ ಕೊಲರಾಡೊ ರಾಜ್ಯದ ಗ್ರೀನ್‌ವುಡ್ ವಿಲೇಜ್. ಅಂಗಡಿಯಲ್ಲಿ ಒಂದು ಶರ್ಟು, ಎರಡು ಬೆಲ್ಟು ಕದ್ದವನು ಪೊಲೀಸರಿಂದ ತಪ್ಪಿಸಿಕೊಂಡು, ಪಿಸ್ತೂಲಿನ ಸಮೇತ ಯಾರದೋ ಮನೆ ಹೊಕ್ಕ. 19 ಗಂಟೆ ಮುತ್ತಿಗೆ ನಡೆಯಿತು. ಆಮೇಲೆ ನಗರಾಡಳಿತದ ಕಚೇರಿಯಲ್ಲಿ ಹೀಗೊಂದು ಮಾತುಕತೆ ನಡೆದಿರಬಹುದು.)

ಅಧಿಕಾರಿ: ಅಭಿನಂದನೆ ಸ್ವಾಮಿ! ಕಳ್ಳ ಜೀವಸಹಿತ ಸಿಕ್ಕ.

ಮನೆಯೊಡೆಯ: ಸಂತೋಷ ಸಾರ್. ಮನೆ ಮಾತ್ರ ಸಿಗ್ತಿಲ್ಲ.

ಅಧಿಕಾರಿ: ಅಲ್ಲೇ ಇದೆಯಲ್ರೀ!

ಮನೆಯೊಡೆಯ: ಮಹಡಿ ಮೇಲಿನ ಕೋಣೆಯ ಒಳಗೆಲ್ಲ ರಸ್ತೆಗೇ ಕಾಣ್ತಿದೆ. ಸ್ಫೋಟಕ ಸಿಡಿಸಿದ್ರಿ, ಕವಚದ ಗಾಡಿ ಬೇರೆ ನುಗ್ಗಿಸಿದ್ರಿ.

ಅಧಿಕಾರಿ: ಗಾಳಿ ಬೆಳಕಿಗೇನೂ ಕೊರತೆಯಿಲ್ಲ ಅನ್ನಿ. 5000 ಡಾಲರ್ ಕೊಡ್ತೀವಿ ಅಂದೆವಲ್ಲ?

ಮನೆಯೊಡೆಯ: ಪೂರ್ತಿ ಕೆಡವಿ ಕಟ್ಟಬೇಕು ಸಾರ್! ಸಾರ್ವಜನಿಕ ಬಳಕೆಗೆ ಆಸ್ತಿ ತಗೊಂಡ್ರೆ ನ್ಯಾಯವಾದ ಪರಿಹಾರ ಕೊಡಬೇಕು ಅಂತ ಸಂವಿಧಾನದ 5ನೇ ತಿದ್ದುಪಡೀಲೇ ಇದೆ.

ಅಧಿಕಾರಿ: ನಾವೆಲ್ಲಿ ತಗೊಂಡ್ವಿ? ಒಡೆದ್ವಿ ಅಷ್ಟೆ. ರಸ್ತೆಗೋಸ್ಕರ ಕೆಡವಿದ್ರೆ ದುಡ್ಡು. ಕಳ್ಳನಿಗೋಸ್ಕರ ಕೆಡವಿದ್ರೆ ಅದು ಪೊಲೀಸ್ ಅಧಿಕಾರ.

(ಮನೆಯೊಡೆಯ ಕೋರ್ಟಿಗೆ ಹೋದಾಗ, 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೆಚ್ಚುಕಡಿಮೆ ಇದನ್ನೇ ಹೇಳಿತು, ಕರಿ ಗೌನು ತೊಟ್ಟು. 2020ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.)

ಮನೆಯೊಡೆಯ: ಅಂದ್ರೆ, ಕಳ್ಳ ಸಿಕ್ಕ ನೆಮ್ಮದಿ ಊರಿಗೆಲ್ಲ, ಖರ್ಚು ನನಗೊಬ್ಬನಿಗೆ?

ಅಧಿಕಾರಿ: ಜನರ ತೆರಿಗೆ ದುಡ್ಡು ಪೋಲು ಮಾಡೋಕಾಗುತ್ತಾ?

ಮನೆಯೊಡೆಯ: ಆ ಶರ್ಟು, ಬೆಲ್ಟು?

ಅಧಿಕಾರಿ: ಛೆ, ಅಂಗಡಿಯವರಿಗೆ ನಷ್ಟ ಆಗಬಾರದಲ್ಲ, ಜೋಪಾನವಾಗಿ ತಲುಪಿಸ್ತೀವಿ. ಅಂದ ಹಾಗೆ, ಹೊಸ ಮನೆ ಕಟ್ಟೋಕೆ ಪರ್ಮಿಟ್ ಬೇಕು. ಫೀಜು ಪಕ್ಕದ ಕೌಂಟರಿನಲ್ಲಿ.