ರಿಪೋರ್ಟ್ ನಾರ್ಮಲ್, ನೋವು ನಿಮ್ಮದೇ

ಕಾಲು ಮುರಿದುಕೊಳ್ಳಿ, ಬೇಡ ಅನ್ನುವವರಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡು ಕೂತರೆ ನೆಂಟರು ಮೂಸಂಬಿ ಹಿಡಿದು ಬರುತ್ತಾರೆ. ನರದ ನೋವು ಮಾತ್ರ ತಂದುಕೊಳ್ಳಬೇಡಿ. ರಾತ್ರಿಯೆಲ್ಲ ಅಂಗಾಲು ಉರಿದು, ಹೊದಿಕೆಯ ಅಂಚು ಸೋಕಿದರೂ ಜೀವ ಹೋದಂತಾಗಿ ಎದ್ದು ಕೂತವನ ಪಾದ ಬೆಳಿಗ್ಗೆ ನೋಡುವವರಿಗೆ ಬರೀ ಪಾದ. ಊತವಿಲ್ಲ, ಗಾಯವಿಲ್ಲ, ಮೂಸಂಬಿಯೂ ಇಲ್ಲ.

ನನ್ನ ಶುಗರ್, ಥೈರಾಯ್ಡ್, ಬಿ12 ಎಲ್ಲ ಸರಿ ಇದ್ದವು. ಎಂಆರ್‌ಐಯಲ್ಲಿ ಸೊಂಟದ ಡಿಸ್ಕ್ ಕೊಂಚ ಉಬ್ಬಿದೆ ಅಂತ ಬಂತು. ನೋವಿನ ಸುಳಿವೇ ಇಲ್ಲದ ನಡುವಯಸ್ಸಿನವರ ಬೆನ್ನಲ್ಲೂ ಧಾರಾಳವಾಗಿ ಸಿಗುವ ಸಾಮಾನು ಅದು. ಕೊನೆಗೆ ನರಕ್ಕೇ ಶಾಕ್ ಕೊಟ್ಟು ನೋಡುವ ನರ್ವ್ ಕಂಡಕ್ಷನ್ ಪರೀಕ್ಷೆ. ಅದೂ ನಾರ್ಮಲ್. 'ಖುಷಿ ಪಡಿ' ಅಂದರು ಡಾಕ್ಟರು.

ಈ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳನ್ನು. ಉರಿ, ಬಿಸಿ, ಚುಚ್ಚುವಿಕೆಯ ಸುದ್ದಿ ಒಯ್ಯುವ ಸಣ್ಣ ತಂತುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬೀದಿ ಕಂಬದಲ್ಲಿ ಕರೆಂಟ್ ಇದೆ, ಹಾಗಾಗಿ ನಿಮ್ಮ ಅಡುಗೆಮನೆಯ ಕತ್ತಲೆ ನಿಮ್ಮ ಭ್ರಮೆ ಎಂದು ಲೈನ್‌ಮನ್ ಬರೆದುಕೊಟ್ಟ ಹಾಗಾಯಿತು. ಸಣ್ಣ ತಂತು ಎಣಿಸಬೇಕಾದರೆ ಕಣಕಾಲಿನ ಬಳಿ 3 ಮಿಲಿಮೀಟರ್ ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಸೌಲಭ್ಯ ಎಲ್ಲ ಊರಲ್ಲಿಲ್ಲ. 'ಟೆನ್ಶನ್ ಮಾಡ್ಕೋಬೇಡಿ' ಎಲ್ಲ ಊರಲ್ಲೂ ಸಿಗುತ್ತದೆ, ಫೀಸಿನಲ್ಲೇ ಸೇರಿದೆ. ಎಣಿಸಿದಾಗ ಕಮ್ಮಿ ಬಂದರೂ, ಯಾಕೆ ಕಮ್ಮಿ ಎಂಬುದು ಎಷ್ಟೋ ಜನರಲ್ಲಿ ಪತ್ತೆಯಾಗುವುದಿಲ್ಲ.

ಮಾತ್ರೆಗಳ ವಂಶಾವಳಿ ಇನ್ನೂ ಸೊಗಸು. ಗ್ಯಾಬಪೆಂಟಿನ್ ಮೂರ್ಛೆರೋಗಕ್ಕೆಂದು ಬಂದದ್ದು, ಅಮಿಟ್ರಿಪ್ಟಿಲಿನ್ ಖಿನ್ನತೆಗೆ. ನರದ ನೋವಿಗೂ ಕೆಲವರಿಗೆ ನಿಜಕ್ಕೂ ಹಿಡಿಸುತ್ತವೆ. ನನಗೆ ನಿದ್ದೆಯಾದರೂ ಬಂತು. ಆದರೆ ಬಾಮೈದ ಸ್ಟ್ರಿಪ್ ತಿರುಗಿಸಿ ಗೂಗಲ್ ಮಾಡಿದ: 'ಭಾವ, ಇದು ಡಿಪ್ರೆಶನ್‌ಗೆ ಕೊಡೋದಂತೆ.' ಅಲ್ಲಿಗೆ ಮನೆಮಂದಿಗೆಲ್ಲ ನನ್ನ ರೋಗ ಗೊತ್ತಾಯಿತು, ನನ್ನೊಬ್ಬನನ್ನು ಬಿಟ್ಟು.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ಪರಿಷ್ಕರಿಸಿದಾಗ, ನೋವಾಗುತ್ತಿದೆ ಎಂದವರ ಮಾತನ್ನು ಗೌರವಿಸಬೇಕು ಎಂದೂ ಬರೆಯಿತು. ಆ ಸುತ್ತೋಲೆ ನಮ್ಮ ಆಫೀಸಿಗೆ ಬಂದಂತಿಲ್ಲ. ರಜೆ ಅರ್ಜಿಯ 'ಕಾಯಿಲೆ' ಕಾಲಂನಲ್ಲಿ 'ಇನ್ನೂ ತಿಳಿದಿಲ್ಲ' ಎಂದು ಬರೆದರೆ ಗುಮಾಸ್ತರು ಕಾಗದ ಹಿಂದಕ್ಕೆ ತಳ್ಳಿದರು. 'ವೈರಲ್ ಫೀವರ್ ಅಂತ ಹಾಕಿ ಸಾರ್, ಇವತ್ತೇ ಸ್ಯಾಂಕ್ಷನ್ ಆಗತ್ತೆ.'

ಚಿಕ್ಕಮ್ಮನೊಬ್ಬರು ಫೋನಿನಲ್ಲೇ, ಪಾದ ನೋಡದೆ, ನನ್ನ ವಾಕ್ಯ ಮುಗಿಯುವ ಮೊದಲೇ ತೀರ್ಪು ಕೊಟ್ಟರು: 'ಉಷ್ಣ ಕಣೋ. ಹರಳೆಣ್ಣೆ ಹಚ್ಚು.' ಇಷ್ಟೆಲ್ಲ ಪರೀಕ್ಷೆಗಳಲ್ಲಿ ಖಚಿತವಾಗಿ ಹೇಳಿದವರು ಅವರೇ. ರಿಪೋರ್ಟಿಗೆ ಸಂಜೆ ಬನ್ನಿ ಅಂತಲೂ ಅನ್ನಲಿಲ್ಲ.